ಬಾಡಿಗೆ ಮನೆಯ ಗೋಡೆಗೆ ನಾನು ಬಣ್ಣ ಬಳಿದದ್ದು

ನನ್ನ ಹೆಂಡತಿಗೆ ಬೈಂದೂರಿಗೆ ವರ್ಗವಾದ ಸುದ್ದಿ ಬಂದಾಗ ನಾನು ಕುರ್ಚಿಯಲ್ಲಿ ಕೂತು ಪೇಪರ್ ಓದುತ್ತಿದ್ದೆ. ಹೈಸ್ಕೂಲು ಮೇಷ್ಟರ ಕೆಲಸದಿಂದ ನಿವೃತ್ತನಾದ ಮೇಲೆ ನಮ್ಮ ಮನೆಗೆ ಯಾವ ಸುದ್ದಿ ಬಂದರೂ ನಾನು ಆ ಕುರ್ಚಿಯಲ್ಲೇ ಸಿಗುತ್ತಿದ್ದೆ. ಅವಳು ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್. ವಯಸ್ಸಿನಲ್ಲಿ ನನಗಿಂತ ಚಿಕ್ಕವಳು, ಇನ್ನೂ ಸರ್ವೀಸ್ ಇದೆ. ಕುಂದಾಪುರದಿಂದ ಬೈಂದೂರಿಗೆ ದಿನಾ ಬಸ್ಸಿನಲ್ಲಿ ಹೋಗಿ ಬರುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ಪಾಳಿಯ ಕೆಲಸದವರಿಗೆ ಅದು ಹೇಳಿದಷ್ಟು ಸುಲಭವಲ್ಲ. ಮಳೆಗಾಲ ಹಿಡಿಯುವ ಮೊದಲು ಅಲ್ಲೇ ಒಂದು ಬಾಡಿಗೆ ಮನೆ ನೋಡಿಕೊಂಡು ಹೋಗುವುದೆಂದು ಊಟ ಮುಗಿಯುವುದರೊಳಗೆ ತೀರ್ಮಾನವಾಯಿತು. ತೀರ್ಮಾನ ಮಾಡಿದ್ದು ಅವಳು. ನಾನು ಮಜ್ಜಿಗೆ ಬಡಿಸಿಕೊಂಡು ಹೌದು ಹೌದು ಅಂದೆ.

ನಾವಿದ್ದದ್ದು ಕೋಡಿ ಕಡೆಗೆ ಹೋಗುವ ರಸ್ತೆಯ ಒಂದು ಹಳೆಯ ಹೆಂಚಿನ ಮನೆಯಲ್ಲಿ. ಅದೇ ಹಿತ್ತಿಲಿನಲ್ಲಿ, ಬಾವಿಯ ಆಚೆ, ಮಾಲಕರ ದೊಡ್ಡ ಮನೆ. ಮಾಲಕರೆಂದರೆ ಒಬ್ಬ ಹೆಂಗಸು. ನಾವು ಅಕ್ಕ ಎಂದು ಕರೆಯುತ್ತಿದ್ದೆವು. ಗಂಡನ ಹೋಟೆಲಿನ ದೆಸೆಯಿಂದ ಅರ್ಧ ಆಯುಷ್ಯ ಮುಂಬೈಯಲ್ಲಿ ಕಳೆದು ಬಂದವರು. ಈಗ ಮಗಳ ಸಂಸಾರದ ಜೊತೆ ಇಲ್ಲೇ ಇದ್ದರು. ಬಾಯಲ್ಲಿ ಎಲೆಯಡಿಕೆ, ಕಾಲಲ್ಲಿ ರಬ್ಬರ್ ಚಪ್ಪಲಿ, ಮಾತಿನ ನಡುವೆ ಅಷ್ಟಿಷ್ಟು ಹಿಂದಿ. ಕಾರಣವಿಲ್ಲದೆ ಬಾಡಿಗೆಯವರ ಮನೆಗೆ ಬರುವವರಲ್ಲ. ಆದರೆ ಕಾರಣಕ್ಕೆ ಅವರಲ್ಲಿ ಯಾವತ್ತೂ ಬರವಿರಲಿಲ್ಲ.

ಹೆಂಡತಿ ತಕ್ಷಣ ಬೈಂದೂರಿನಲ್ಲಿ ಕೆಲಸಕ್ಕೆ ಹಾಜರಾಗಬೇಕಿತ್ತು. ಹಾಗಾಗಿ ಮನೆ ಖಾಲಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು.

"ಖಾಲಿ ಮಾಡುದ್ ಅಂದ್ರೆ ಸಾಮಾನ್ ಕಟ್ಟುದ್. ಅಷ್ಟ್ ಮಾಡಿ ಸಾಕ್" ಎಂದು ಅವಳು ಹೇಳಿದಳು.

ಅಷ್ಟಕ್ಕೇ ಸುಮ್ಮನಿರುವ ಬುದ್ಧಿ ನನಗೆ ಇದ್ದಿದ್ದರೆ ಈಗ ಬರೆಯಲು ಏನೂ ಇರುತ್ತಿರಲಿಲ್ಲ. ನಾನು ಪೇಪರ್ ಮಡಿಸಿ, ತರಗತಿಯಲ್ಲಿ ಪಾಠ ಶುರುಮಾಡುವಾಗಿನ ಹಾಗೆ ಗಂಟಲು ಸರಿಮಾಡಿಕೊಂಡೆ. "ಹಾಂಗಲ್ಲ. ನಾವ್ ಬಪ್ಪಾಗ ಈ ಮನಿ ಹ್ಯಾಂಗ್ ಇದ್ದಿತ್ತೋ, ಅದ್ಕಿಂತ ಚಂದ ಮಾಡಿ ಕೊಡ್ಕ್. ಅದ್ ಮರ್ಯಾದೆ."

"ಯಾರ್ ಮಾಡುದ್?"

"ನಾನೇ."

ಜ್ವರವಿಲ್ಲ ಎಂದು ಹೇಳುವ ರೋಗಿಯನ್ನು ನೋಡುವ ಹಾಗೆ ಅವಳು ನನ್ನನ್ನು ನೋಡಿದಳು. ಆಮೇಲೆ ಬಸ್ಸಿಗೆ ಹೊರಟಳು.

ಮೊದಲ ದಿನ ಮೊಳೆ ಕೀಳುವ ಕಾರ್ಯಕ್ರಮ. ಇಷ್ಟು ವರ್ಷಗಳಲ್ಲಿ ಆ ಮನೆಯ ಗೋಡೆಗಳಿಗೆ ನಾನು ಹೊಡೆದ ಮೊಳೆಗಳಲ್ಲಿ ಒಂದೂ ನೆಟ್ಟಗಿರಲಿಲ್ಲ. ಕ್ಯಾಲೆಂಡರಿಗೆ ಒಂದು, ಕೊಡೆಗೆ ಒಂದು, ಮಗಳ ಮದುವೆಯ ಫೋಟೋಕ್ಕೆ ಒಂದು, ಆ ಮೊಳೆ ಸೊಟ್ಟಗಾದದ್ದಕ್ಕೆ ಪಕ್ಕದಲ್ಲಿ ಇನ್ನೊಂದು. ಇಕ್ಕಳ ಹಿಡಿದು ಎಳೆದೆ. ಮೊಳೆ ಬಂತು. ಮೊಳೆಯ ಜೊತೆ ದೋಸೆಯಷ್ಟು ಅಗಲದ ಗಾರೆಯೂ ಬಂತು. ಒಳಗಿನ ಕೆಂಪು ಕಲ್ಲು ಕಾಣಿಸಿತು. ಇನ್ನೊಂದು ಎಳೆದೆ. ಇನ್ನೊಂದು ದೋಸೆ. ಸುತ್ತಿಗೆಯಿಂದ ಮೆಲ್ಲ ತಟ್ಟಿ ಸಡಿಲ ಮಾಡಿದರೆ ಸರಿಹೋದೀತೆಂದು ತಟ್ಟಲು ಹಿಡಿದೆ. ಬಾಗಿಲಲ್ಲಿ ಅಕ್ಕ ಪ್ರತ್ಯಕ್ಷರಾದರು.

"ಹ್ವಾಯ್ ಮಾಷ್ಟ್ರೆ, ಎಂತ ಅದ್ ಠಣ್ ಠಣ್? ಗ್ವಾಡಿ ಬೀಳ್ಸ್ತಿದ್ರ್ಯಾ?"

"ಇಲ್ಲ ಅಕ್ಕ, ಮೊಳೆ ತೆಗೀತಿದ್ದೆ. ಮನಿ ಚಂದ ಮಾಡಿ ಕೊಡ್ಕ್ ಅಲ್ದಾ?"

"ಮೊಳೆ ಇದ್ರೆ ಎಂತ ಆತ್ತ್? ನಾಳಿ ಬಪ್ಪುವರಿಗೂ ಕ್ಯಾಲೆಂಡರ್ ಹಾಕುಕ್ ಬ್ಯಾಡ್ದಾ?"

ಆದರೆ ಶುರುಮಾಡಿದ ಮೇಲೆ ನಿಲ್ಲಿಸುವುದು ಹೇಗೆ? ಬಿಳಿ ಸಿಮೆಂಟು ತಂದು ಕಲಸಿದೆ. ಗುಂಡಿಗಳಿಗೆ ಮೆತ್ತಲು ಸಾಧನ ಬೇಕಾಯಿತು. ಅಡುಗೆಮನೆಯಲ್ಲಿ ದೋಸೆ ಮಗುಚುವ ಸಟ್ಟುಗ ಕಣ್ಣಿಗೆ ಬಿತ್ತು. ಅದಕ್ಕಿಂತ ಒಳ್ಳೆಯ ಸಾಧನವಿಲ್ಲ ಎಂದು ಈಗಲೂ ನನ್ನ ಅಭಿಪ್ರಾಯ. ಒಂದೇ ತೊಂದರೆಯೆಂದರೆ ಕೆಲಸ ಮುಗಿಸಿ ನಾನು ನಿದ್ದೆ ಹೋದೆ, ಸಿಮೆಂಟು ಹೋಗಲಿಲ್ಲ.

ಸಂಜೆ ಹೆಂಡತಿ ಬಂದು ಹೆಂಚಿಟ್ಟು, ಹಿಟ್ಟು ಹೊಯ್ದು, ಸಟ್ಟುಗ ಹುಡುಕಿದಳು. ಕೊನೆಗೆ ಅದು ಜಗಲಿಯಲ್ಲಿ ಸಿಕ್ಕಿತು. ತುದಿಯಲ್ಲಿ ಮುಷ್ಟಿಯಷ್ಟು ದಪ್ಪದ ಕಲ್ಲು ಕಟ್ಟಿಕೊಂಡು ಗದೆಯ ಹಾಗೆ ಇತ್ತು.

"ಇದ್ರಂಗೆ ಮಗ್ಚಿರೆ ದೋಸಿ ಅಲ್ಲ, ಹೆಂಚೇ ಮಗ್ಚಿ ಬೀಳತ್ತ್" ಅಂದಳು. ಆ ದಿನ ದೋಸೆಗಳನ್ನು ಕೈಯಲ್ಲೇ ಎಬ್ಬಿಸಿದಳು. ನನ್ನ ಪಾಲಿನವು ಸ್ವಲ್ಪ ಹೆಚ್ಚೇ ಕರಟಿದ್ದವು. ನಾನು ಒಳ್ಳೆಯದಾಗಿದೆ ಅಂದೆ.

ಎರಡನೆಯ ದಿನ ಕುರ್ಚಿಯನ್ನು ಎಳೆದು ಬದಿಗಿಟ್ಟೆ. ಆಗ ಕಂಡದ್ದು ಆ ಕಲೆ.

ನಮ್ಮೂರಿನ ಜನಕ್ಕೆ ಹೇಳಬೇಕಾಗಿಲ್ಲ, ಬೆಳಗಾದರೆ ತಲೆಗೆ ತೆಂಗಿನೆಣ್ಣೆ ಇಡದಿದ್ದರೆ ನಮಗೆ ಆಗುವುದಿಲ್ಲ. ಎಣ್ಣೆ ಇಟ್ಟ ತಲೆಯನ್ನು ಒಂದೇ ಜಾಗದಲ್ಲಿ ಗೋಡೆಗೆ ಆನಿಸಿ ಎಷ್ಟೋ ವರ್ಷ ಪೇಪರ್ ಓದಿದರೆ ಏನಾಗುತ್ತದೆ ಎಂಬುದಕ್ಕೆ ಅಲ್ಲಿ ಸಾಕ್ಷಿ ಇತ್ತು. ಒಂದು ದೊಡ್ಡ ಕಂದು ಬಣ್ಣದ ವೃತ್ತ. ಮಧ್ಯೆ ಕಪ್ಪು, ಅಂಚಿಗೆ ಬರಬರುತ್ತ ತಿಳಿ. ಮುಟ್ಟಿದರೆ ಜಿಡ್ಡು. ನಿವೃತ್ತಿಯ ನಂತರ ಏನು ಮಾಡುತ್ತಿದ್ದೀರಿ ಎಂದು ಹಳೆಯ ಸಹೋದ್ಯೋಗಿಗಳು ಕೇಳಿದಾಗ ನಾನು ಓದು, ಸ್ವಲ್ಪ ಬರವಣಿಗೆ, ಚಿಂತನೆ ಅನ್ನುತ್ತಿದ್ದೆ. ಆ ಮೂರೂ ಸೇರಿ ಆದದ್ದು ಇಷ್ಟು.

ಸೋಪಿನ ನೀರು ಹಾಕಿ ಉಜ್ಜಿದೆ. ಕಲೆ ಅಲ್ಲೇ ಇತ್ತು, ಸುತ್ತಲಿನ ಬಣ್ಣ ಎದ್ದು ಬಂತು. ಪಾತ್ರೆ ತೊಳೆಯುವ ಪುಡಿ ಹಾಕಿದೆ. ಇನ್ನಷ್ಟು ಬಣ್ಣ ಎದ್ದಿತು. ಬ್ರಹ್ಮಾವರದಲ್ಲಿರುವ ಮಗಳಿಗೆ ಫೋನ್ ಮಾಡಿದೆ. ಅವಳು ನಕ್ಕು ನಕ್ಕು ಸಾಕಾಗಿ, ಮೊಬೈಲಿಗೆ ಒಂದು ವೀಡಿಯೊ ಕಳಿಸಿದಳು. ಕಲೆಯ ಮೇಲೆ ಪೌಡರ್ ಬಳಿದು, ಕಾಗದ ಇಟ್ಟು, ಇಸ್ತ್ರಿಪೆಟ್ಟಿಗೆ ಒತ್ತಿದರೆ ಎಣ್ಣೆಯನ್ನು ಕಾಗದ ಹೀರಿಕೊಳ್ಳುತ್ತದಂತೆ. ವೀಡಿಯೊದಲ್ಲಿದ್ದದ್ದು ಬಿಳಿ ಕಾಗದ. ನನ್ನ ಕೈಗೆ ಸಿಕ್ಕಿದ್ದು ಪೇಪರ್. ಚೆನ್ನಾಗಿ ಕಾದ ಇಸ್ತ್ರಿಪೆಟ್ಟಿಗೆಯನ್ನು ಒತ್ತಿ ಹಿಡಿದು, ಮನಸ್ಸಿನಲ್ಲೇ ಆನೆಗುಡ್ಡೆ ಗಣಪತಿಗೆ ಕೈಮುಗಿದು ಕಾಗದ ಎತ್ತಿದೆ. ಎಣ್ಣೆ ಎಷ್ಟು ಹೋಯಿತೋ ಗೊತ್ತಾಗಲಿಲ್ಲ. ಪೇಪರಿನ ಶಾಯಿ ಮಾತ್ರ ಅಚ್ಚುಕಟ್ಟಾಗಿ ಗೋಡೆಗೆ ಇಳಿದಿತ್ತು.

ಸಂಜೆ ಅಕ್ಕ ಕರಿಬೇವು ಕೊಯ್ಯುವ ನೆವದಲ್ಲಿ ಬಂದರು. ಗೋಡೆಯ ಹತ್ತಿರ ಹೋಗಿ, ಕನ್ನಡಕ ಏರಿಸಿ, ತಲೆ ಓರೆ ಮಾಡಿ ಓದಲು ಪ್ರಯತ್ನಪಟ್ಟರು.

"ಉಲ್ಟಾ ಇತ್ತಲ್ದಾ ಮಾಷ್ಟ್ರೆ? ಹೋ... ಟೆ... ಲ್... ಹೋಟೆಲ್ ಕೆಲಸಕ್ಕೆ ಜನ ಬೇಕಾಗಿದ್ದಾರೆ." ನಿಧಾನವಾಗಿ ನನ್ನ ಕಡೆ ತಿರುಗಿದರು. "ನೀವ್ ಹೋತ್ರ್ಯಾ ಎಂತ? ನಮ್ಮ ಮುಂಬೈ ಹೋಟ್ಲಲ್ಲೂ ಜನ ಇಲ್ಲೆ ಕಾಣಿ."

ಹೆಂಡತಿ ಒಳಗಿನಿಂದ ಕೆಮ್ಮಿದಳು. ಅದು ಕೆಮ್ಮಲ್ಲ ಎಂದು ನನಗೆ ಗೊತ್ತಿತ್ತು.

ಇನ್ನು ಉಳಿದ ದಾರಿ ಒಂದೇ, ಬಣ್ಣ. ಗೋಡೆಯದು ತಿಳಿ ಹಸಿರು. ಕಿತ್ತು ಬಂದ ಗಾರೆಯ ಒಂದು ಚೂರನ್ನು ಕರ್ಚೀಫಿನಲ್ಲಿ ಸುತ್ತಿಕೊಂಡು ಪೇಟೆಗೆ ಹೋದೆ. ಅಂಗಡಿಯವರು ಆ ಚೂರಿಗೆ ಸರಿಯಾಗಿ ಬಣ್ಣ ಹೊಂದಿಸಿ ಕೊಟ್ಟರು. ಅವರದ್ದೇನೂ ತಪ್ಪಿಲ್ಲ. ನಾನು ಒಯ್ದದ್ದು ಕ್ಯಾಲೆಂಡರಿನ ಹಿಂದೆ ಬಿಸಿಲು ಹೊಗೆ ತಾಗದೆ ಅಡಗಿದ್ದ ಚೂರು. ಹಾಗಾಗಿ ಡಬ್ಬಿಯಲ್ಲಿ ಬಂದದ್ದು ಆ ಗೋಡೆ ಹುಟ್ಟಿದ ದಿನದ ಹಸಿರು. ಮೊಳೆಯ ಗುಂಡಿಗಳಿಗೆ, ಕಲೆಗೆ, ತೇಪೆ ತೇಪೆಯಾಗಿ ಬಳಿದೆ. ಹಿಂದೆ ಸರಿದು ನೋಡಿದರೆ ಗೋಡೆಯಲ್ಲಿ ಅಲ್ಲಲ್ಲಿ ಹೊಸ ಗಿಳಿಗಳು ಕೂತ ಹಾಗೆ ಕಾಣುತ್ತಿತ್ತು. ಆದದ್ದಾಗಲಿ ಎಂದು ಇಡೀ ಗೋಡೆಗೆ ಬಳಿದೆ. ಆಗ ಉಳಿದ ಗೋಡೆಗಳು ಮಸಿ ಮೆತ್ತಿದಂತೆ ಕಂಡವು. ಅವಕ್ಕೂ ಶುರುಮಾಡಿದೆ. ಇನ್ನೊಂದು ಡಬ್ಬಿ ತಂದೆ. ಸೆಖೆಯಲ್ಲಿ ಬೆವರು ಕಣ್ಣಿಗಿಳಿದು, ಹಣೆಗೆ ಮೀಸೆಗೆ ಹಸಿರು ಹತ್ತಿ, ಊಟದ ಹೊತ್ತು ಮರೆತು ಬಳಿಯುತ್ತಿದ್ದೆ. ಸಂಜೆ ಹೆಂಡತಿ ಬಸ್ಸಿಳಿದು ಬರುವಾಗ ಗೇಟಿನಲ್ಲೇ ನಿಂತು ಇವತ್ತು ಎಷ್ಟಾಯಿತೆಂದು ವರದಿ ಒಪ್ಪಿಸುತ್ತಿದ್ದೆ. ಅವಳು ಒಂದೊಂದು ಗೋಡೆಯ ಮುಂದೆಯೂ ನಿಂತು, "ಅಡ್ಡಿಲ್ಲೆ, ಲಾಯ್ಕ್ ಆಯ್ತ್" ಅನ್ನುತ್ತಿದ್ದಳು. ರಾತ್ರಿ ಬೆನ್ನಿಗೆ ಮುಲಾಮು ತಿಕ್ಕುತ್ತಿದ್ದಳು.

ಕಲೆ ಮಾತ್ರ ಹೋಗಲಿಲ್ಲ. ಬಣ್ಣ ಹಚ್ಚಿದ ದಿನ ಮಾಯವಾಗುವುದು, ಮರುದಿನ ಬೆಳಿಗ್ಗೆ ಮೋಡದ ಹಿಂದಿನ ಚಂದ್ರನ ಹಾಗೆ ಮೆಲ್ಲ ಮೂಡುವುದು. ಮತ್ತೆ ಹಚ್ಚುವುದು, ಮತ್ತೆ ಮೂಡುವುದು.

ಒಂದು ಬೆಳಿಗ್ಗೆ ಹೀಗೆ ಮತ್ತೊಂದು ಸಲ ದಪ್ಪಗೆ ಬಳಿದು, ಬ್ರಷ್ ತೊಳೆಯಲು ಹಿಂದಿನ ಬಾಗಿಲಿಗೆ ಹೋಗಿದ್ದೆ. ಎದುರಿನಿಂದ ಅಕ್ಕನ ದನಿ ಕೇಳಿತು. "ಹ್ವಾಯ್, ಮಾಷ್ಟ್ರೆ ಇದ್ರ್ಯಾ? ಮನಿ ಕಾಂಬುಕೆ ಬಂದಿರ್."

ಓಡಿ ಬಂದೆ. ಅಕ್ಕನ ಜೊತೆ ಒಬ್ಬ ಯುವಕ, ಒಬ್ಬ ಯುವತಿ. ಹೊಸದಾಗಿ ಮದುವೆಯಾದವರೆಂದು ಆ ಹುಡುಗಿಯ ಕೈಯ ಮದರಂಗಿಯೇ ಹೇಳುತ್ತಿತ್ತು. ಅವನಿಗೆ ಗಂಗೊಳ್ಳಿಯಲ್ಲಿ ಕೆಲಸ, ಅವಳಿಗೆ ಕುಂದಾಪುರದಲ್ಲಿ. ಮೂವರೂ ಹಾಲಿಗೆ ಕಾಲಿಡುತ್ತಿದ್ದಾರೆ. ಎದುರಿಗೇ ಆ ಗೋಡೆ. ಹಸಿ ಬಣ್ಣದ ಅಡಿಯಿಂದ ಕಲೆ ಆಗಲೇ ಇಣುಕುತ್ತಿದೆಯೆಂದು ನನಗೆ ಕಂಡಿತು. ನಾನು ಯೋಚಿಸಲಿಲ್ಲ. ಎರಡು ಹೆಜ್ಜೆಯಲ್ಲಿ ಹೋಗಿ ಆ ಜಾಗಕ್ಕೆ ಒರಗಿ, ಕೈ ಕಟ್ಟಿ, ಮುಗುಳ್ನಕ್ಕು ನಿಂತುಬಿಟ್ಟೆ.

ಬೆನ್ನಿಗೆ ತಣ್ಣಗಾಯಿತು. ಆ ತಂಪು ಅಂಗಿ ದಾಟಿ ಬನಿಯನಿಗೆ ಇಳಿಯಿತು. ಬಣ್ಣ ಬಳಿದದ್ದು ಆಗಷ್ಟೇ ಎಂಬುದು ಆಗ ನೆನಪಾಯಿತು. ಈಗ ಅಲ್ಲಿಂದ ಕದಲುವಂತೆಯೂ ಇರಲಿಲ್ಲ.

"ಮಾಷ್ಟ್ರೆ, ಮನಿ ಒಂದ್ ತೋರ್ಸಿ ಇವ್ರಿಗೆ" ಅಂದರು ಅಕ್ಕ.

"ಅಗೋ, ಅದು ಅಡುಗೆಮನೆ" ಎಂದು ನಿಂತಲ್ಲಿಂದಲೇ ಕೈ ತೋರಿಸಿದೆ. "ಇದು ಮಲಗುವ ಕೋಣೆ. ಗಾಳಿ ಚೆನ್ನಾಗಿ ಬರುತ್ತದೆ. ಅದರ ಆಚೆ ಬಚ್ಚಲು. ಹೋಗಿ ನೋಡಿ, ಹೋಗಿ ನೋಡಿ."

ಹುಡುಗ ಬಚ್ಚಲಿನ ಕಡೆ ಹೋದ. ಹುಡುಗಿ ಹೋಗಲಿಲ್ಲ. ಅವಳಿಗೆ ನನ್ನ ಮೇಲೆ ಕನಿಕರ ಹುಟ್ಟಿದಂತಿತ್ತು.

"ಸರ್, ನಿಮ್ಗೆ ಕಾಲ್ ನೋವಾ?" ಎಂದು ಮೆಲ್ಲಗೆ ಕೇಳಿದಳು. "ಕೂಕಣಿ ಸರ್, ಮನಿ ನಾವೇ ಕಂತೊ."

"ಇಲ್ಲ ಇಲ್ಲ, ನನಗೆ ಹೀಗೆ ನಿಲ್ಲುವುದು ಅಭ್ಯಾಸ."

"ಎಂತ ಅಭ್ಯಾಸ?" ಅಕ್ಕನಿಗೆ ಅನುಮಾನ ಬಂತು. "ಈ ಮಾಷ್ಟ್ರ್ ನಿಂತದ್ದ್ ನಾನ್ ಕಂಡದ್ದೇ ಇಲ್ಲೆ. ಬೆನ್ನ್ ಹಿಡ್ಕಂಡಿತ್ತಾ? ಹೇ, ಬನ್ನಿ ಇಲ್ಲಿ, ಇವ್ರನ್ನ್ ಕೂರ್ಸುವ." ಬಚ್ಚಲಿನಿಂದ ಆ ಹುಡುಗ ಓಡಿ ಬಂದ. ಬೇಡ ಬೇಡ ಅನ್ನುವುದರೊಳಗೆ ಅವನೂ ಅಕ್ಕನೂ ಒಂದೊಂದು ರಟ್ಟೆ ಹಿಡಿದು ನನ್ನನ್ನು ಎಳೆದರು. ಪರ್ರ್ ಎಂದು ಸದ್ದಾಯಿತು. ನಾನು ಬಂದೆ. ಗೋಡೆಯ ಮೇಲೆ ನನ್ನ ಬೆನ್ನು ಉಳಿಯಿತು. ಅಂಗಿಯ ನೆರಿಗೆ, ಭುಜ, ಮೇಲೆ ತಲೆ, ಎಲ್ಲ ಸ್ಪಷ್ಟ. ತಲೆಯ ಜಾಗದಲ್ಲಿ ನಾಲ್ಕು ಬಿಳಿಕೂದಲೂ ಅಂಟಿದ್ದವು.

ಹುಡುಗಿ ಮೊದಲು ಬಾಯಿಗೆ ಸೆರಗು ಒತ್ತಿಕೊಂಡಳು. ಆಮೇಲೆ ಸೆರಗಿನಿಂದಲೂ ಆಗಲಿಲ್ಲ. ಅಕ್ಕ ಗೋಡೆ ನೋಡಿದರು, ನನ್ನ ಹಸಿರು ಬೆನ್ನು ನೋಡಿದರು. ನಗುತ್ತ ನಗುತ್ತ ಎಲೆಯಡಿಕೆ ನೆತ್ತಿಗೆ ಹತ್ತಿ ನೀರು ಕುಡಿಯಬೇಕಾಯಿತು. ಸುಧಾರಿಸಿಕೊಂಡ ಮೇಲೆ ಹೇಳಿದರು:

"ನೀವ್ ಎಂತಕ್ಕೆ ಇಷ್ಟ್ ಕಷ್ಟ ಬಪ್ಪುದ್ ಮಾರಾಯ್ರೆ? ನೀವ್ ಹೋದ ಕೂಡ್ಲೆ ಪೇಂಟಿನವ್ರ್ ಬತ್ರ್. ಗಾರೆ ಎಲ್ಲ ಕೆತ್ತಿ ಹೊಸ್ತಾಗಿ ಮಾಡ್ತ್ರ್. ಇದ್ ನಿಮ್ಮ ಹೆಂಡ್ತಿ ಹತ್ರ ನಾನ್ ಮನಿ ಬಿಡುದ್ ಅಂದ ದಿನವೇ ಹೇಳಿದ್ದೆ ಅಲ್ದಾ?"

ಮನೆ ಅವರಿಗೆ ಒಪ್ಪಿಗೆಯಾಯಿತು ಎಂಬುದೆಲ್ಲ ನನ್ನ ಕಿವಿಗೆ ಬಿದ್ದದ್ದು ಬಹಳ ದೂರದಿಂದ.

ಆ ಸಂಜೆ ಗೇಟಿನಲ್ಲಿ ನಿಲ್ಲಲಿಲ್ಲ. ಕಟ್ಟಿಟ್ಟ ಪುಸ್ತಕದ ಪೆಟ್ಟಿಗೆಯ ಮೇಲೆ ಮುಖ ಊದಿಸಿಕೊಂಡು ಕೂತಿದ್ದೆ. ಹೆಂಡತಿಗೆ ದಾರಿಯಲ್ಲೇ ಅಕ್ಕ ಎಲ್ಲ ಹೇಳಿಯಾಗಿತ್ತು. ಅವಳು ಬಂದು ಗೋಡೆಯ ಮೇಲಿನ ನನ್ನನ್ನು ಒಮ್ಮೆ, ಪೆಟ್ಟಿಗೆಯ ಮೇಲಿನ ನನ್ನನ್ನು ಒಮ್ಮೆ ನೋಡಿದಳು.

"ನಿಂಗೆ ಮೊದ್ಲೇ ಗೊತ್ತಿತ್ತಾ?" ಎಂದು ಕೇಳಿದೆ.

"ಗೊತ್ತಿತ್ತ್."

"ಮತ್ತೆ ಎಂತಕ್ಕೆ ಹೇಳ್ಲಿಲ್ಲ?"

ಅವಳು ಬ್ಯಾಗು ಕೆಳಗಿಟ್ಟು ಎದುರಿನ ಪೆಟ್ಟಿಗೆಯ ಮೇಲೆ ಕೂತಳು. "ಹೇಳ್ಕ್ ಅಂದೇಳಿಯೇ ಇದ್ದೆ. ಮೊಳೆ ಕಿತ್ತ ದಿನ ಹೇಳ್ವ ಅಂದ್ಕಂಡೆ. ಆದ್ರೆ ನೀವ್ ಅವತ್ತ್ ಎರಡ್ ದೋಸಿ ಹೆಚ್ಚ್ ಹಾಯ್ಸ್ಕಂಡ್ ತಿಂದ್ರಿ. ರಿಟೈರ್ ಆದ್ ಮೇಲೆ ನೀವ್ ಹಾಂಗ್ ತಿಂದದ್ ನಾನ್ ಕಾಣ್ಲಿಲ್ಲ. ನಾ ಬಪ್ಪಾಗ ಗೇಟಿನ್ ಹತ್ರ ಬಂದ್ ನಿಂತದ್ದೂ ಇಲ್ಲ. ಹೇಳ್ರೆ ಮತ್ತೆ ಹೋಯಿ ಕೂಕಂತ್ರಿ ಅಂದೇಳಿ ಸುಮ್ನಾದೆ."

ಸಿಟ್ಟು ಬರಬೇಕಿತ್ತು, ಸ್ವಲ್ಪ ಬಂತು ಕೂಡ. ಆದರೆ ಅವಳು ಎದ್ದು ಬಂದು ನನ್ನ ತಲೆಯ ಹಿಂಭಾಗದ ಒಣಗಿದ ಹಸಿರನ್ನು ಉಗುರಿನಲ್ಲಿ ಕೆರೆದು ತೆಗೆಯಲು ಶುರುಮಾಡಿದ್ದರಿಂದ ಸಿಟ್ಟು ಮುಂದುವರಿಸಲಾಗಲಿಲ್ಲ.

"ಒಂದ್ ಡಬ್ಬಿ ಪೇಂಟ್ ಇನ್ನೂ ಉಳ್ದಿತ್" ಅಂದೆ ಕೊನೆಗೆ.

"ಕೋಣಿ ಒಂದ್ ಬಾಕಿ ಇತ್ತಲ್ದಾ? ಮುಗ್ಸಿ ಕಾಂಬ" ಅಂದಳು.

ಮುಗಿಸಿದೆ. ಕೆತ್ತಿ ಹಾಕುವ ಗೋಡೆಗೆ ಎರಡು ಸಲ ಬಣ್ಣ ಬಳಿದ ಮನುಷ್ಯ ಕುಂದಾಪುರ ತಾಲ್ಲೂಕಿನಲ್ಲಿ ನಾನೊಬ್ಬನೇ ಇರಬೇಕು. ಕಲೆಯಿದ್ದ ಗೋಡೆಯನ್ನು ಮಾತ್ರ ಹಾಗೇ ಬಿಟ್ಟೆ. ಅಕ್ಕನ ಮಗಳು ಅದರ ಫೋಟೋ ತೆಗೆದು ಮುಂಬೈಯ ನೆಂಟರಿಗೆಲ್ಲ ಕಳಿಸಿದಳೆಂದು ಆಮೇಲೆ ತಿಳಿಯಿತು.

ಹೊರಡುವ ದಿನ ಟೆಂಪೋಗೆ ಸಾಮಾನು ಏರಿಸಿಯಾದ ಮೇಲೆ ಅಕ್ಕ ಒಂದು ಭರಣಿ ಮಿಡಿ ಉಪ್ಪಿನಕಾಯಿ ತಂದು ಹೆಂಡತಿಯ ಮಡಿಲಲ್ಲಿಟ್ಟರು. ಅವರ ಕಣ್ಣು ಸ್ವಲ್ಪ ತೇವವಾಗಿತ್ತು. ಅದನ್ನು ನಾನು ಕಂಡೆನೆಂದು ಗೊತ್ತಾದ ಕೂಡಲೇ ನನಗೆ ಬೈದರು. "ಮಾಷ್ಟ್ರೆ, ಭರಣಿ ಸಮಾ ಕಂಡ್ಕಣಿ. ನಿಮ್ಮ ಕೈಯಂಗೆ ಕೊಡುಕ್ ಹೆದ್ರಿಕಿ ನಂಗೆ." ತ್ರಾಸಿ ದಾಟಿ ಎಡಗಡೆ ಕಡಲು ಕಾಣಿಸಿದಾಗಲೂ ನಾನು ಕಡಲು ನೋಡಲಿಲ್ಲ. ಭರಣಿ ನೋಡುತ್ತ ಹೋದೆ.

ಬೈಂದೂರಿನ ಮನೆ ಚಿಕ್ಕದು. ಆಸ್ಪತ್ರೆಗೆ ನಡೆದೇ ಹೋಗಬಹುದು. ಮಧ್ಯಾಹ್ನದ ಗಂಜಿ ಬೇಯಿಸುವ ಕೆಲಸ ನಾನೇ ಕೇಳಿ ತೆಗೆದುಕೊಂಡೆ. ಮೊದಲ ದಿನ ಅಡಿ ಹಿಡಿಯಿತು, ಎರಡನೆಯ ದಿನ ಅಕ್ಕಿ ಬೇಯಲಿಲ್ಲ. ಹೆಂಡತಿ ಎರಡನ್ನೂ ಉಪ್ಪಿನಕಾಯಿಯ ಬಲದಿಂದ ಉಂಡು ಕೆಲಸಕ್ಕೆ ಹೋದಳು.

ಮೂರು ವಾರ ಕಳೆಯುವುದರೊಳಗೆ ಅಕ್ಕನ ಫೋನು ಬಂತು. "ಮಾಷ್ಟ್ರೆ, ಬಾವಿ ಪಂಪಿನ್ ಕೋಣಿ ಕೀಲಿಕೈ ಎಲ್ಲಿ ಇಟ್ಟಿರಿ?" ಕೀಲಿಕೈ ನನ್ನ ಪ್ಯಾಂಟಿನ ಜೇಬಿನಲ್ಲೇ ಇತ್ತು. ಮರುದಿನ ಬಸ್ಸು ಹತ್ತಿ ಕುಂದಾಪುರಕ್ಕೆ ಹೋದೆ. ಅಕ್ಕ ಪೇಟೆಗೆ ಹೋಗಿದ್ದರು. ನಮ್ಮ ಮನೆಯ ಜಗಲಿಯಲ್ಲಿ ಆ ಹುಡುಗಿ ಬಟ್ಟೆ ಮಡಿಸುತ್ತಿದ್ದಳು. ನಮ್ಮ ಮನೆ ಎಂಬ ಮಾತು ಈಗಲೂ ಹಾಗೇ ಬಂದುಬಿಡುತ್ತದೆ. "ಬನ್ನಿ ಸರ್, ಬನ್ನಿ. ಬೆನ್ನ್ ಹ್ಯಾಂಗಿತ್?" ಎಂದು ನಗುತ್ತ ಎದ್ದಳು. ಗೋಡೆಗಳೆಲ್ಲ ಕೆನೆ ಬಣ್ಣದಲ್ಲಿ ನುಣ್ಣಗೆ ಹೊಳೆಯುತ್ತಿದ್ದವು. ಇನ್ನೂ ಪೇಂಟಿನ ವಾಸನೆ ಇತ್ತು. ಬಿಸಿಲಲ್ಲಿ ನಡೆದು ಬಂದು ಗಂಟಲು ಒಣಗಿತ್ತು. ಮಾತಾಡುತ್ತಲೇ ನೇರ ಅಡುಗೆಮನೆಗೆ ಹೋದೆ, ಬಲಗಡೆಯ ಕಪಾಟು ತೆರೆದು ಲೋಟಕ್ಕೆ ಕೈಹಾಕಿದೆ. ಕೈಗೆ ಸಿಕ್ಕಿದ್ದು ಉದ್ದಿನಬೇಳೆಯ ಡಬ್ಬಿ. ಅಲ್ಲಿ ನಿಂತಲ್ಲೇ ಬೆವತುಬಿಟ್ಟೆ. ಬೇರೆಯವರ ಅಡುಗೆಮನೆಯಲ್ಲಿ, ಬೇರೆಯವರ ಬೇಳೆ ಡಬ್ಬಿ ಹಿಡಿದು ನಿಂತ ನಿವೃತ್ತ ಮೇಷ್ಟರು.

ಹುಡುಗಿ ಬಾಗಿಲಲ್ಲಿ ಬಂದು ನಿಂತಳು. "ಲೋಟ ಆಚಿ ಬದಿಗಿತ್ ಸರ್" ಎಂದು ಏನೂ ಆಗದವಳ ಹಾಗೆ ತೆಗೆದು ನೀರು ಕೊಟ್ಟಳು. ಆಮೇಲೆ ಚಾ ಮಾಡಿದಳು. ಮಲಗುವ ಕೋಣೆಯ ಕಿಟಕಿ ಮಳೆಗಾಲದಲ್ಲಿ ಉಬ್ಬಿ ಕೂರುತ್ತದೆ, ಮೇಣ ಸವರಬೇಕು ಎಂದೆಲ್ಲ ಹೇಳಿದೆ. ಅವಳು ಶ್ರದ್ಧೆಯಿಂದ ಕೇಳಿಸಿಕೊಂಡಳು. ಬಹಳ ದಿನಗಳ ಮೇಲೆ ಒಬ್ಬ ವಿದ್ಯಾರ್ಥಿನಿ ಸಿಕ್ಕ ಖುಷಿಯಲ್ಲಿ ಪಾಠ ಸ್ವಲ್ಪ ಉದ್ದವೇ ಆಯಿತು.

ಬಸ್‌ಸ್ಟ್ಯಾಂಡಿಗೆ ಬಂದು ಬೈಂದೂರಿನ ಬಸ್ಸಿನಲ್ಲಿ ಕೂತಾಗ ಹೆಂಡತಿಯ ಫೋನು ಬಂತು.

"ಕೀಲಿಕೈ ಕೊಟ್ರ್ಯಾ?"

ಜೇಬು ಮುಟ್ಟಿ ನೋಡಿಕೊಂಡೆ. ಫೋನು ಕಿವಿಗೆ ಹಿಡಿದೇ ಬಸ್ಸಿನಿಂದ ಇಳಿದೆ. ಫೋನಿನ ಆಚೆ ಅವಳು ಮತ್ತೆ ಕೆಮ್ಮುತ್ತಿದ್ದಳು.